ಮುಚ್ಚಿಟ್ಟುಕೊಂಡು ಬದುಕುವ ಆಪರೇಷನ್ ಅಲ್ಲ ಇದು

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರು ನಮ್ಮ ಸುತ್ತಮುತ್ತ ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದ್ದಾರೆ. ಗೊತ್ತಾಗುವುದಿಲ್ಲ, ಅಷ್ಟೇ. ಕೇಳಿದರೆ ಪಿತ್ತಕೋಶದ ಕಲ್ಲು ತೆಗೆಸಿದೆ ಅನ್ನುತ್ತಾರೆ. ಹರ್ನಿಯಾ ಅನ್ನುತ್ತಾರೆ. ವಾಕಿಂಗು, ಬಿಸಿನೀರು, ಜೀರಿಗೆ ಕಷಾಯ ಅನ್ನುತ್ತಾರೆ. ನನಗೆ ಗ್ಯಾಸ್ಟ್ರಿಕ್ ಬೈಪಾಸ್ ಆಗಿ ಕೆಲವು ವರ್ಷಗಳಾದವು. ಮೊದಲಿನಿಂದಲೂ ಕೇಳಿದವರಿಗೆಲ್ಲ ಹೇಳಿಕೊಂಡೇ ಬಂದಿದ್ದೇನೆ. ಹಾಗಾಗಿ ಹೇಳಿಕೊಳ್ಳಲಾಗದವರು ನನ್ನ ಇನ್‌ಬಾಕ್ಸಿಗೆ ಬರುತ್ತಾರೆ. ಅವರ ಮೆಸೇಜುಗಳನ್ನು ಓದುತ್ತಾ ನನಗೆ ಒಂದು ಮಾತು ಖಚಿತವಾಗಿದೆ. ಚಿಕ್ಕದಾದ ಹೊಟ್ಟೆಯ ಜೊತೆ ಹೇಗೋ ಹೊಂದಿಕೊಳ್ಳಬಹುದು. ಅದನ್ನು ಬಚ್ಚಿಟ್ಟುಕೊಂಡು ನಾಲ್ಕು ಜನರ ನಡುವೆ ಬದುಕುವುದೇ ಪ್ರಾಣ ಹಿಂಡುವ ಕೆಲಸ.

ಯಾಕೆ ಬಚ್ಚಿಡುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು. 'ಬಾಯಿ ಕಟ್ಟಲಾರದೆ ಹೊಟ್ಟೆ ಕತ್ತರಿಸಿಕೊಂಡಳು' ಅನ್ನುವ ಮಾತನ್ನು ನನ್ನ ಎದುರಿಗೇ ಆಡಿದವರಿದ್ದಾರೆ. ದುಡ್ಡಿದ್ದವರ ಶೋಕಿ ಅಂದವರಿದ್ದಾರೆ. ಭಯವೂ ಇದೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ 21 ವರ್ಷದ ನಟಿಯೊಬ್ಬರು ಕೊಬ್ಬು ತೆಗೆಯುವ ಸರ್ಜರಿಗೆ ಹೋಗಿ ತೀರಿಕೊಂಡರಲ್ಲ, ಆ ಸುದ್ದಿ ಎಲ್ಲರ ಮನಸ್ಸಿನಲ್ಲಿ ಕೂತಿದೆ. ಅದು ಕಾಸ್ಮೆಟಿಕ್ ಸರ್ಜರಿ. ಚರ್ಮದ ಕೆಳಗಿನ ಕೊಬ್ಬನ್ನು ತೆಗೆಯುವುದು. ತೂಕ ಇಳಿಸುವ ನಮ್ಮ ಆಪರೇಷನ್, ಅಂದರೆ ಬೇರಿಯಾಟ್ರಿಕ್ ಸರ್ಜರಿ, ಬೇರೆಯೇ. ಇದರಲ್ಲಿ ಕೊಬ್ಬನ್ನು ಮುಟ್ಟುವುದೇ ಇಲ್ಲ, ಜಠರ ಮತ್ತು ಕರುಳಿನ ದಾರಿಯನ್ನು ಬದಲಾಯಿಸುತ್ತಾರೆ. ಇದರಲ್ಲೂ ಅಪಾಯ ಇಲ್ಲ ಅಂತ ನಾನು ಹೇಳುವುದಿಲ್ಲ. ದೊಡ್ಡ ಆಪರೇಷನ್ನೇ. ಆದರೆ ಎರಡನ್ನೂ ಒಂದೇ ಅಂದುಕೊಂಡು 'ಚೆಂದ ಕಾಣೋಕೆ ಜೀವ ಒತ್ತೆ ಇಟ್ಟಳು' ಅನ್ನುವುದು ತಪ್ಪು.

ನನಗೆ ಸಕ್ಕರೆ ಕಾಯಿಲೆ ಇತ್ತು. ಗೊರಕೆ ಅಂತ ಎಲ್ಲರೂ ನಗುತ್ತಿದ್ದದ್ದು ನಿಜವಾಗಿ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಸ್ಲೀಪ್ ಅಪ್ನಿಯಾ ಆಗಿತ್ತು. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಎಂಎಲ್ ಹಿಡಿಯುವ ಸಣ್ಣ ಚೀಲವೊಂದನ್ನು ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಊಟ ಮಾತ್ರ ಅದರೊಳಗೆ ಹೋಗುವುದಿಲ್ಲ. ಸ್ಲೀವ್ ಅನ್ನುವ ಇನ್ನೊಂದು ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿಯನ್ನು ತೆಗೆದೇ ಬಿಡುತ್ತಾರೆ, ಬಾಳೆಹಣ್ಣಿನಂಥ ಒಂದು ಕೊಳವೆ ಉಳಿಯುತ್ತದೆ. ಎರಡರಲ್ಲೂ ಜಾಗ ಕಡಿಮೆ ಆಗುವುದರ ಜೊತೆಗೆ ಹಸಿವಿನ ಹಾರ್ಮೋನುಗಳೂ ಬದಲಾಗುತ್ತವೆ. ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ, ಎಷ್ಟೋ ಜನರ ಶುಗರ್ ಹತೋಟಿಗೆ ಬರುತ್ತದೆ. ಸ್ವೀಡನ್‌ನಲ್ಲಿ 1987ರಿಂದ ಸುಮಾರು 4,000 ಜನರನ್ನು ವರ್ಷಗಟ್ಟಲೆ ಗಮನಿಸಿದರು. ಅರ್ಧದಷ್ಟು ಜನ ಆಪರೇಷನ್ ಮಾಡಿಸಿಕೊಂಡವರು, ಅರ್ಧ ಮಾಡಿಸಿಕೊಳ್ಳದವರು. 2007ರಲ್ಲಿ ಫಲಿತಾಂಶ ಬಂದಾಗ ಆಪರೇಷನ್ ಆದವರಲ್ಲಿ ಸಾವು ಕಡಿಮೆ ಇತ್ತು. ಇದು ಶೋಕಿ ಹೇಗಾಗುತ್ತದೆ?

ಇನ್ನು ಊಟದ ವಿಷಯ. ಇದರ ಬಗ್ಗೆ ಬರೆಯದೆ ನನಗೆ ಸಮಾಧಾನ ಇಲ್ಲ.

ನಾನು ತುಮಕೂರಿನ ಕಡೆಯವಳು. ನಮ್ಮ ಮನೆಯಲ್ಲಿ ದಿನಾ ಮುದ್ದೆ. ಮುದ್ದೆಯನ್ನು ನುಂಗಬೇಕು, ಅಗಿಯಬಾರದು ಅಂತ ಮಕ್ಕಳಿಗೆ ಕಲಿಸುವ ಮನೆ ಅದು. ಆಪರೇಷನ್ ಆದವರಿಗೆ ಮೊದಲ ಪಾಠವೇ ಪ್ರತಿ ತುತ್ತನ್ನೂ ನೀರಾಗುವ ತನಕ ಅಗಿಯಬೇಕು ಅನ್ನುವುದು. ಅಗಿಯದೆ ನುಂಗಿದ ತುತ್ತು ಎದೆಯ ನಡುವೆ ಬಂದು ನಿಂತುಬಿಡುತ್ತದೆ. ಕೆಳಗೂ ಹೋಗುವುದಿಲ್ಲ, ಮೇಲೂ ಬರುವುದಿಲ್ಲ. ಬಾಯಿ ತುಂಬಾ ನೊರೆ ನೊರೆ ಜೊಲ್ಲು ಬರುತ್ತದೆ. ಬಚ್ಚಲಿಗೆ ಓಡಬೇಕು. ಸರಿಯಾಗಿ ಅಗಿಯದಿದ್ದರೆ ಮೆತ್ತಗಿನ ಅನ್ನವೂ ಹೀಗೆ ಮಾಡುತ್ತದೆ, ಬ್ರೆಡ್ಡೂ ಮಾಡುತ್ತದೆ. ಡಯಟೀಷಿಯನ್ ಕೊಟ್ಟ ಹಾಳೆಯಲ್ಲಿ ಓಟ್ಸ್ ಇತ್ತು, ಬ್ರೊಕೊಲಿ ಇತ್ತು, ಮುದ್ದೆ ಬಗ್ಗೆ ಒಂದು ಅಕ್ಷರ ಇರಲಿಲ್ಲ. ನಾನೇ ಕೇಳಿ ಕೇಳಿ ದಾರಿ ಮಾಡಿಕೊಂಡೆ. ಮೊದಲು ತೆಳ್ಳಗಿನ ಅಂಬಲಿ. ಆಮೇಲೆ ಗಂಜಿ. ಬಹಳ ತಿಂಗಳ ನಂತರ ನಿಂಬೆಹಣ್ಣಿನ ಗಾತ್ರದ ಮೆತ್ತನೆ ಮುದ್ದೆ, ಅದನ್ನೂ ಅಗಿದು. ನಮ್ಮ ಅಜ್ಜಿ ನೋಡಿ ಅತ್ತರು. 'ಮುದ್ದೆ ಅಗಿಯುವಂಥ ಸ್ಥಿತಿ ಬಂತಲ್ಲ ಮಗಳೇ' ಅಂದರು. ಅವರಿಗೆ ವಿವರಿಸಿ ಹೇಳಿದೆ. ಮರುದಿನದಿಂದ ಬಸ್ಸಾರು ಮಾಡಿದಾಗ ಮೊದಲು ನನಗೆ ಕಾಳು ಬೇರೆ ತೆಗೆದಿಡತೊಡಗಿದರು. ಹೆಸರುಕಾಳು, ಅಲಸಂದೆ ಕಾಳು, ಸೊಪ್ಪಿನ ಪಲ್ಯ ಮೊದಲು, ಮುದ್ದೆ ಕೊನೆಗೆ. ಎಂಬತ್ತು ದಾಟಿದ ಅಜ್ಜಿಗೆ ಅರ್ಥವಾಯಿತು. ಹೇಳಿದ್ದಕ್ಕೆ ಅರ್ಥವಾಯಿತು.

ಕಾಳು ಮೊದಲು ಯಾಕೆಂದರೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ. ಅನ್ನ, ಸಾರು, ಪಲ್ಯದ ಊಟದಲ್ಲಿ, ಅದೂ ಮಗುವಿನ ಬಟ್ಟಲಿನಷ್ಟು ತಿನ್ನುವವರಿಗೆ, ಈ ಲೆಕ್ಕ ಮುಟ್ಟುವುದು ಸುಲಭವಲ್ಲ. ಸಸ್ಯಾಹಾರಿಗಳಿಗೆ ಇನ್ನೂ ಕಷ್ಟ. ಪನೀರ್, ಸೋಯಾ, ಗಟ್ಟಿ ಮೊಸರು, ಬೇಳೆ, ಬೇಕಾದರೆ ಪ್ರೋಟೀನ್ ಪುಡಿ, ಹೀಗೆ ದಿನವಿಡೀ ಹೊಂದಿಸಬೇಕು. ಊಟದ ಜೊತೆ ನೀರು ಕುಡಿಯುವಂತಿಲ್ಲ, ಅರ್ಧ ಗಂಟೆ ಬಿಡಬೇಕು. ಸಾರನ್ನು ಗಟಗಟ ಕುಡಿಯುವ ಅಭ್ಯಾಸವೂ ಹೋಗಬೇಕು. ಇಷ್ಟೆಲ್ಲ ಅಡುಗೆಮನೆಗೆ ಗೊತ್ತಿಲ್ಲದಂತೆ ಮಾಡುವುದು ಹೇಗೆ? ನೀವೇ ಯೋಚಿಸಿ.

ಹಾಸನದ ಕಡೆಯ ಹೆಣ್ಣುಮಗಳೊಬ್ಬಳು ಬರೆದಿದ್ದಳು. ಅವಳದ್ದೂ ಬೈಪಾಸ್. ಗಂಡನಿಗೆ ಬಿಟ್ಟು ಯಾರಿಗೂ ಹೇಳಿಲ್ಲ, ಎಲ್ಲರಿಗೂ ಪಿತ್ತಕೋಶದ ಕಲ್ಲು ಅಂತಲೇ ಸುದ್ದಿ. ನೆಂಟರ ಗೃಹಪ್ರವೇಶದಲ್ಲಿ ಪಂಕ್ತಿಯಲ್ಲಿ ಕೂತಿದ್ದಾಳೆ. ಹೋಳಿಗೆ ಬಡಿಸುವವರು ಬಂದರು. ಬೇಡ ಅಂದಳು. ನಮ್ಮಲ್ಲಿ ಬೇಡ ಅಂದರೆ ಇನ್ನೊಂದು ಬೀಳುತ್ತದೆ, ಅಲ್ವಾ? ಮೇಲೆ ಕಾಯಿಹಾಲು ಸುರಿದರು. ಎಲೆಯಲ್ಲಿ ಬಿಟ್ಟರೆ ಅನ್ನಕ್ಕೆ ಅವಮಾನ ಅಂತ ಅತ್ತೆ ಪಕ್ಕದಿಂದಲೇ ಹೇಳಿದರು. ತಿಂದಳು. ಕಾಲು ಗಂಟೆಯಲ್ಲಿ ಎದೆ ಡವಡವ, ಮೈಯೆಲ್ಲ ಬೆವರು, ಹೊಟ್ಟೆ ಮುರಿತ, ನಿಲ್ಲಲಾರದಷ್ಟು ಸುಸ್ತು. ಸಿಹಿ ಪದಾರ್ಥ ಒಮ್ಮೆಲೇ ಸಣ್ಣ ಕರುಳಿಗೆ ಇಳಿದರೆ ಹೀಗಾಗುತ್ತದೆ. ಡಂಪಿಂಗ್ ಅನ್ನುತ್ತಾರೆ. ಸುತ್ತ ಇದ್ದವರಿಗೆ ಗೊತ್ತಿರಲಿಲ್ಲ. ಬಿಪಿ ಇಳಿದಿದೆ ಅಂತ ಸಕ್ಕರೆ ಹಾಕಿದ ನಿಂಬೆ ಶರಬತ್ತು ಕುಡಿಸಿದರು. ಇನ್ನಷ್ಟು ಹೆಚ್ಚಾಯಿತು. ಅವರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಏನಾಗಿದೆ ಅಂತ ಗೊತ್ತಿರಲಿಲ್ಲ, ಅಷ್ಟೇ.

ಇನ್ನೊಂದು ಥರದ ಡಂಪಿಂಗ್ ಕೂಡ ಇದೆ. ಅದು ಊಟವಾಗಿ ಒಂದರಿಂದ ಮೂರು ಗಂಟೆಗೆ ಬರುತ್ತದೆ. ಆಗ ರಕ್ತದ ಸಕ್ಕರೆ ನಿಜವಾಗಿಯೂ ಇಳಿದಿರುತ್ತದೆ, ಆಗ ಸಕ್ಕರೆ ಕೊಡಲೇಬೇಕಾಗಬಹುದು. ಮನೆಯವರಿಗೆ ಈ ಎರಡರ ವ್ಯತ್ಯಾಸ ಗೊತ್ತಿರಬೇಕು. ಪದೇ ಪದೇ ಹೀಗಾದರೆ ಸರ್ಜನ್‌ಗೆ ತೋರಿಸಬೇಕು.

ಬಡಿಸುವ ಕೈಗಳಿಗೆ ಒಂದು ಮಾತು. ಬೇಡ ಅಂದವರ ಎಲೆಯ ಮೇಲೆ ದಯವಿಟ್ಟು ಹಾಕಬೇಡಿ. ಅವರು ನಾಚಿಕೆಗೆ ಬೇಡ ಅನ್ನುತ್ತಿಲ್ಲ. ಎಲೆಯ ಮೂಲೆಯಲ್ಲಿ ಒಂದು ಚಮಚ ಬೀಳುವ ಕೋಸಂಬರಿಯನ್ನು ಇನ್ನೊಮ್ಮೆ ಕೇಳಿದರೆ ಹಾಕಿ. ಆ ಹೆಸರುಬೇಳೆಯೇ ನಮ್ಮ ಊಟ.

ಮಾತ್ರೆಗಳನ್ನು ಬಚ್ಚಿಡುವುದು ಇನ್ನೂ ಅಪಾಯ. ಬೈಪಾಸ್ ಆದವರಿಗೆ ವಿಟಮಿನ್ನುಗಳು ಜೀವನಪೂರ್ತಿ ಬೇಕು. ಮಲ್ಟಿವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ, ಡಿ, ಬಿ12. ಕಬ್ಬಿಣ ಮತ್ತು ಕ್ಯಾಲ್ಸಿಯಂ ನಡುವೆ ಎರಡು ಗಂಟೆ ಅಂತರ ಬೇಕು, ಒಟ್ಟಿಗೆ ನುಂಗಿದರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕಬ್ಬಿಣದ ಮಾತ್ರೆ ನುಂಗಿ ಮೇಲೆ ಫಿಲ್ಟರ್ ಕಾಫಿ ಕುಡಿದರೂ ಅದೇ ಕತೆ. ಒಬ್ಬರು ಅತ್ತೆ ಮನೆಗೆ ಹೋದಾಗಲೆಲ್ಲ ಮಾತ್ರೆ ಡಬ್ಬಿ ತಮ್ಮ ಮನೆಯಲ್ಲೇ ಬಿಟ್ಟು ಹೋಗುತ್ತಾರಂತೆ. ಬಿ12 ಕೊರತೆ ನಾಳೆಯೇ ಕಾಣಿಸುವುದಿಲ್ಲ. ದೇಹದಲ್ಲಿ ಹಳೆಯ ದಾಸ್ತಾನು ಇರುತ್ತದೆ. ಅದು ಮುಗಿದಮೇಲೆ ಕೈಕಾಲು ಜೋಮು, ಮರೆವು, ಸುಸ್ತು. ಅಷ್ಟರಲ್ಲಿ ಆಪರೇಷನ್ನಿಗೂ ಇದಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ.

ನೋವಿನ ಮಾತ್ರೆಯ ಕತೆಯೂ ಹೀಗೇ. ಬೈಪಾಸ್ ಆದವರು ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದವನ್ನು ತೆಗೆದುಕೊಳ್ಳಬಾರದು. ಹೊಲಿಗೆ ಹಾಕಿದ ಜಾಗದಲ್ಲಿ ಹುಣ್ಣಾಗುತ್ತದೆ. ಹಲ್ಲಿನ ಡಾಕ್ಟರಿಗೆ, ಬೆನ್ನುನೋವಿನ ಡಾಕ್ಟರಿಗೆ ಹೇಳಲಿಲ್ಲ ಅಂದರೆ ಅವರು ಬರೆಯುವುದೇ ಅದನ್ನು. ಮನೆಯವರೂ ಸುಮ್ನೆ ಡ್ರಾಯರಿನಿಂದ ತೆಗೆದು ಕೊಡುವುದು ಅದನ್ನೇ. ಸಿಗರೇಟು ಕೂಡ ಅದೇ ಹುಣ್ಣಿಗೆ ದಾರಿ. ಗಂಡಸರಿಗೆ ಇನ್ನೊಂದು ಮಾತು: ಬೈಪಾಸ್ ನಂತರ ಮದ್ಯ ಬೇಗ ರಕ್ತಕ್ಕೆ ಸೇರುತ್ತದೆ, ಹಳೆಯ ಲೆಕ್ಕ ನಡೆಯುವುದಿಲ್ಲ. ತಿನ್ನುವ ಸಮಾಧಾನ ಹೋದಮೇಲೆ ಕುಡಿತಕ್ಕೆ ಜಾರಿದವರೂ ಇದ್ದಾರೆ. ಗೆಳೆಯರಿಗೆ ಗೊತ್ತಿದ್ದರೆ ಒತ್ತಾಯ ಮಾಡುವುದಿಲ್ಲ.

ಮೊದಲ ತಿಂಗಳುಗಳಲ್ಲಿ ದಿನಗಟ್ಟಲೆ ವಾಂತಿ ನಿಲ್ಲದಿದ್ದರೆ ಮಾತ್ರ ಒಂದು ದಿನವೂ ಕಾಯಬೇಡಿ. ಬಿ1 ವಿಟಮಿನ್ ಖಾಲಿಯಾದರೆ ಕಣ್ಣು, ನಡಿಗೆ, ನೆನಪು ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ಹೋದ ಆಸ್ಪತ್ರೆಯಲ್ಲಿ ಆಪರೇಷನ್ ವಿಷಯ ಹೇಳಿಯೇ ಹೇಳಿ.

ಮೂರನೇ ತಿಂಗಳ ಹೊತ್ತಿಗೆ ಕೂದಲು ಉದುರಲು ಶುರುವಾಗುತ್ತದೆ. ಬಾಚಣಿಗೆ ತುಂಬಾ ಕೂದಲು. ಜಡೆ ಅರ್ಧ ಆಗುತ್ತದೆ. ಉದುರಿದ ಕೂದಲು ಬಹುತೇಕ ಜನರಲ್ಲಿ ಮತ್ತೆ ಬೆಳೆಯುತ್ತದೆ, ಪ್ರೋಟೀನ್ ಸರಿಯಾಗಿದ್ದರೆ. ಆದರೆ ಆಗ ಎದುರಾದವರೆಲ್ಲ ಕೇಳುವ ಪ್ರಶ್ನೆ ಒಂದೇ: 'ಯಾಕೆ ಹೀಗೆ ಸೊರಗಿದ್ದೀಯ, ಏನಾದ್ರೂ ಕಾಯಿಲೆನಾ?' ಗುಟ್ಟು ಇಟ್ಟುಕೊಂಡವರಿಗೆ ಈ ಪ್ರಶ್ನೆ ಚುಚ್ಚುತ್ತದೆ. ಕ್ಯಾನ್ಸರ್ ಅಂತ ಊರಲ್ಲಿ ಸುದ್ದಿ ಹಬ್ಬಿದ ಉದಾಹರಣೆಯೂ ನನಗೆ ಗೊತ್ತು.

ಚರ್ಮ ಜೋತುಬೀಳುವುದು, ಹಳೆಯ ಬ್ಲೌಸುಗಳು, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮನಸ್ಸಿನ ಬಗ್ಗೆ ಹೇಳಬೇಕು. ಬೇಜಾರಾದರೆ ತಿನ್ನುತ್ತಿದ್ದೆವು, ಖುಷಿಯಾದರೆ ತಿನ್ನುತ್ತಿದ್ದೆವು. ಆ ಬಾಗಿಲು ಒಮ್ಮೆಲೇ ಮುಚ್ಚುತ್ತದೆ. ಬೇಜಾರು ಮಾತ್ರ ಅಲ್ಲೇ ಇರುತ್ತದೆ. ತೂಕ ಇಳಿಯುತ್ತಿರುವಾಗಲೇ ಅಳು ಬರುವುದು ಉಂಟು. ಹೊರಗಿನವರು 'ಈಗ ನಿನಗೇನು ಕಮ್ಮಿ' ಅನ್ನುತ್ತಾರೆ. ಇದಕ್ಕೆ ಕೌನ್ಸೆಲಿಂಗ್ ಬೇಕಾದರೆ ಹೋಗಿ, ಸಂಕೋಚ ಬೇಡ.

ಒಂದೆರಡು ವರ್ಷದ ನಂತರ ಸ್ವಲ್ಪ ತೂಕ ವಾಪಸ್ ಬರುವುದೂ ಸಹಜ. ಸ್ವೀಡನ್‌ನ ಅದೇ ಅಧ್ಯಯನದಲ್ಲೂ ಹಾಗೇ ಆಗಿತ್ತು. ಅದನ್ನು ಸೋಲು ಅಂದುಕೊಂಡು ಚೆಕಪ್ಪಿಗೆ ಹೋಗುವುದನ್ನೇ ಬಿಡುತ್ತಾರೆ. ಡಾಕ್ಟರಿಂದಲೂ ಮುಖ ಮರೆಸಿಕೊಳ್ಳುತ್ತಾರೆ. ನನಗೆ ಅತಿ ಹೆಚ್ಚು ಸಂಕಟ ಕೊಡುವುದು ಇದು. ಹೋಗಲೇಬೇಕಾದ ಹೊತ್ತಿನಲ್ಲೇ ಹೋಗುವುದಿಲ್ಲ. ಖರ್ಚಿನ ಕಾರಣವೂ ಇದೆ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 40, ಅಥವಾ ತೀವ್ರ ಕಾಯಿಲೆಗಳ ಜೊತೆ 35 ದಾಟಿದ್ದು, ಡಾಕ್ಟರು ಸಲಹೆ ಕೊಟ್ಟಿದ್ದರೆ ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ನಿಯಮದ ಪ್ರಕಾರ ಬೊಜ್ಜಿನ ಚಿಕಿತ್ಸೆ ಅನ್ನುವ ಒಂದೇ ಕಾರಣಕ್ಕೆ ಆಪರೇಷನ್ನನ್ನು ವಿಮೆಯಿಂದ ಹೊರಗಿಡುವಂತಿಲ್ಲ. ಆದರೆ ಆಮೇಲಿನ ಮಾತ್ರೆ, ರಕ್ತಪರೀಕ್ಷೆಗಳಿಗೆ ಬಹುತೇಕ ಕೈಯಿಂದಲೇ ಹಾಕಬೇಕು. ಮನೆಯವರಿಗೆ ತಿಳಿಸದೆ ಈ ಖರ್ಚು ನಿಭಾಯಿಸುವುದೂ ಕಷ್ಟ.

2025ರಿಂದ ತೂಕ ಇಳಿಸುವ ಮೌಂಜಾರೊ, ವೆಗೊವಿ ಇಂಜೆಕ್ಷನ್‌ಗಳು ನಮ್ಮ ದೇಶದಲ್ಲೂ ಸಿಗುತ್ತಿವೆ. ಅವನ್ನು ತೆಗೆದುಕೊಳ್ಳುವವರೂ ಈಗಲೇ ಗುಟ್ಟು ಮಾಡುತ್ತಿದ್ದಾರೆ. ಅವರಿಗೂ ಇದೇ ಮಾತು ಹೇಳುತ್ತೇನೆ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಕಳೆದ ವಾರ ಬಂತು. ಹುಡುಗಿಗೆ ಮದುವೆ ಗೊತ್ತಾಗಿದೆ. ಆಪರೇಷನ್ ಆಗಿ ವರ್ಷ ತುಂಬಿಲ್ಲ. ಗಂಡಿನ ಕಡೆಯವರಿಗೆ ಹೇಳಬೇಡ ಅಂತ ಮನೆಯಲ್ಲಿ ಕಟ್ಟಪ್ಪಣೆ. ಅವಳ ಅಪ್ಪ ಅಮ್ಮನ ಹೆದರಿಕೆ ನನಗೆ ಅರ್ಥವಾಗುತ್ತದೆ. ಸಂಬಂಧ ಮುರಿದರೆ ಅಂತ. ಆದರೆ ಹೊಸ ಸೊಸೆಗೆ ನಮ್ಮಲ್ಲಿ ಮೊದಲ ತಿಂಗಳೆಲ್ಲ ಮನೆ ಮನೆಯಲ್ಲಿ ಊಟ, ಸಿಹಿ. ಆಷಾಢ ಕಳೆಯುತ್ತಿದ್ದಂತೆ 'ಏನಾದ್ರೂ ವಿಶೇಷ ಇದೆಯಾ' ಅನ್ನುವ ಪ್ರಶ್ನೆ. ಆಪರೇಷನ್ ಆಗಿ 12ರಿಂದ 18 ತಿಂಗಳು ಬಸಿರು ಬೇಡ ಅನ್ನುತ್ತಾರೆ ಡಾಕ್ಟರು, ತಾಯಿಗೂ ಮಗುವಿಗೂ ಪೋಷಣೆ ಸಾಲುವುದಿಲ್ಲ ಅಂತ. ತೂಕ ಇಳಿದಾಗ ಪಿಸಿಒಡಿ (ಮುಟ್ಟು ಏರುಪೇರಾಗಿಸುವ ಅಂಡಾಶಯದ ತೊಂದರೆ) ಇದ್ದವರಲ್ಲೂ ಬೇಗ ಬಸಿರು ನಿಲ್ಲಬಹುದು. ಬೈಪಾಸ್ ನಂತರ ನುಂಗುವ ಗರ್ಭನಿರೋಧಕ ಮಾತ್ರೆಯನ್ನೇ ನಂಬಿಕೊಳ್ಳುವಂತಿಲ್ಲ, ಬೇರೆ ವಿಧಾನ ಬೇಕು. ಇದನ್ನು ಗಂಡನಿಗೆ ಹೇಳದೆ ಹೇಗೆ ನಡೆಸುತ್ತಾಳೆ?

ಅವಳಿಗೆ ನಾನು ಬರೆದದ್ದು ಇಷ್ಟು. ಮೊದಲು ಹುಡುಗನಿಗೆ ಹೇಳು, ನಿನ್ನ ಬಾಯಿಂದಲೇ, ಮದುವೆಗೆ ಮುಂಚೆ. ನಡುವೆ ಯಾರನ್ನೂ ಇಡಬೇಡ. ಡಿಸ್ಚಾರ್ಜ್ ಸಮ್ಮರಿ ತೋರಿಸು. ಮುಂದಿನ ಚೆಕಪ್ಪಿಗೆ ಅವನನ್ನೂ ಕರೆದುಕೊಂಡು ಹೋಗು, ಮಗುವಿನ ವಿಷಯವನ್ನು ಇಬ್ಬರೂ ಕೂತು ಸರ್ಜನ್ ಹತ್ತಿರ ಕೇಳಿ. ಅವನು ಒಪ್ಪಿದರೆ ಅತ್ತೆಗೆ ಹೇಳುವುದು ಅವನ ಕೆಲಸ. ನಿನ್ನ ಅಪ್ಪ ಅಮ್ಮನ ಜೊತೆ ಮಾತಾಡಬೇಕು ಅಂದರೆ ನನ್ನ ನಂಬರ್ ಕೊಡು, ಭಾನುವಾರ ಬೆಳಿಗ್ಗೆ ಮನೆಯಲ್ಲೇ ಇರುತ್ತೇನೆ.