ಚಿಕ್ಕಪ್ಪ ಕುಡಿಯುತ್ತಿರಲಿಲ್ಲ

ಚಿಕ್ಕಪ್ಪ ತೀರಿಕೊಂಡ ಮೇಲೆ ಮನೆಗೆ ಬಂದವರೆಲ್ಲ ಕೇಳಿದ್ದು ಒಂದೇ ಮಾತು. "ಲಿವರ್ ಕ್ಯಾನ್ಸರ್ ಅಂತೀರಿ, ಕುಡೀತಿದ್ರಾ?" ಚಿಕ್ಕಮ್ಮ ಪ್ರತಿ ಸಲವೂ ಇಲ್ಲ ಅಂದರು. ಯಾರೂ ನಂಬಿದ ಹಾಗೆ ಕಾಣಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರಿಗಿದ್ದದ್ದು ಹೆಪಟೈಟಿಸ್ ಬಿ, ಲಿವರ್‌ಗೆ ತಗಲುವ ವೈರಸ್ ಸೋಂಕು. 14 ವರ್ಷದ ಹಿಂದೆ ರಕ್ತ ಕೊಡಲು ಹೋದಾಗ ಗೊತ್ತಾಯಿತು. "ನೀವು ಕ್ಯಾರಿಯರ್ ಅಷ್ಟೇ, ವೈರಸ್ ಸುಮ್ನೆ ಮಲಗಿದೆ" ಅಂತ ಡಾಕ್ಟರು ಕಳಿಸಿಬಿಟ್ಟರು. ಕ್ಯಾರಿಯರ್ ಅಂದರೆ ಮೈಯಲ್ಲಿ ವೈರಸ್ ಹೊತ್ತಿರುವವರು. ಮತ್ತೆ ಬನ್ನಿ ಅನ್ನಲಿಲ್ಲ. ನಾವೂ ಕೇಳಲಿಲ್ಲ. ಕಾಮಾಲೆ ಇಲ್ಲ, ನೋವಿಲ್ಲ, ಹೊಲದ ಕೆಲಸಕ್ಕೆ ಒಂದು ದಿನ ರಜೆ ಹಾಕಿದವರಲ್ಲ. ಇನ್ನೇನು ಕೇಳುವುದು?

ಆಮೇಲೆ ಓದಿ ತಿಳಿದುಕೊಂಡೆ. ಅದು ಸುಮ್ನೆ ಮಲಗಿರುವುದಿಲ್ಲ.

ಈ ವೈರಸ್‌ನ ಡಿಎನ್‌ಎ ಸುಮಾರು 3,200 ಅಕ್ಷರದಷ್ಟು ಮಾತ್ರ. ನಮ್ಮದು 300 ಕೋಟಿ. ಅಷ್ಟು ಪುಟ್ಟದು ಲಿವರ್ ಜೀವಕೋಶದ ನ್ಯೂಕ್ಲಿಯಸ್ ಒಳಗೆ ಉಂಗುರದ ಹಾಗೆ ಕೂತು ವರ್ಷಗಟ್ಟಲೆ ಉಳಿಯುತ್ತದೆ. ಅದು ತಯಾರಿಸುವ ಒಂದು ಪ್ರೋಟೀನ್‌ಗೆ ಎಕ್ಸ್ ಅಂತ ಹೆಸರು. ನಮ್ಮ ಜೀನ್‌ಗಳಿಗೆ ಮೀಥೈಲ್ ಅನ್ನುವ ಚಿಕ್ಕ ರಾಸಾಯನಿಕ ತುಣುಕನ್ನು ಅಂಟಿಸುವ ಕಿಣ್ವಗಳು ನಮ್ಮೊಳಗೇ ಇವೆ. ಎಕ್ಸ್ ಬಂದರೆ ಆ ಕಿಣ್ವಗಳ ಕೆಲಸ ಜಾಸ್ತಿಯಾಗುತ್ತದೆ. ಅಂಟಬಾರದ ಕಡೆಯೂ ಅಂಟುತ್ತದೆ. ಹಾಗೆ ಅಂಟಿದರೆ ಜೀನ್ ಇದ್ದೂ ಕೆಲಸ ಮಾಡದೆ ಸುಮ್ಮನಾಗಬಹುದು.

ಊರ ಕೆರೆಯನ್ನೇ ನೆನೆಸಿಕೊಳ್ಳಿ. ಏರಿ ಗಟ್ಟಿ ಇದೆ, ನೀರೂ ಇದೆ. ಆದರೆ ತೂಬಿಗೆ ಯಾರೋ ಬಿರಡೆ ಜಡಿದಿದ್ದಾರೆ. ಗದ್ದೆ ಒಣಗುತ್ತದೆ. ಪಿ16 ಅನ್ನುವ ಜೀನ್ ಜೀವಕೋಶ ಒಂದು ಎರಡಾಗಿ ಅಳತೆ ಮೀರಿ ಹೆಚ್ಚದಂತೆ ತಡೆಯುತ್ತದೆ. ಹೆಪಟೈಟಿಸ್ ಬಿಯಿಂದ ಬಂದ ಎಷ್ಟೋ ಲಿವರ್ ಗಡ್ಡೆಗಳಲ್ಲಿ ಆ ಜೀನ್‌ನ ಒಂದು ಅಕ್ಷರವೂ ಅಳಿಸಿರುವುದಿಲ್ಲ, ತೂಬು ಮಾತ್ರ ಮುಚ್ಚಿರುತ್ತದೆ. ಇದನ್ನೇ ಎಪಿಜೆನೆಟಿಕ್ ಬದಲಾವಣೆ ಅನ್ನುತ್ತಾರೆ. ನನ್ನನ್ನು ಕಾಡಿದ್ದು ಇನ್ನೊಂದು ವಿಷಯ. ಗಡ್ಡೆ ಹುಟ್ಟುವ ಮೊದಲೇ, ಬರೀ ಸೋಂಕಿರುವ ಲಿವರ್‌ನಲ್ಲೂ ಇಂಥ ಗುರುತುಗಳು ಸಿಕ್ಕಿವೆ. ಅಂದರೆ ಚಿಕ್ಕಪ್ಪ ಆರಾಮಾಗಿ ಓಡಾಡುತ್ತಿದ್ದಾಗಲೇ ಒಂದೊಂದೇ ತೂಬು ಮುಚ್ಚುತ್ತಿದ್ದಿರಬಹುದು. ಲಿವರ್ ಪೂರ್ತಿ ಗಟ್ಟಿಯಾಗುವ ಸಿರೋಸಿಸ್ ಇಲ್ಲದೆಯೂ ಈ ವೈರಸ್ ಕ್ಯಾನ್ಸರ್ ತರಬಲ್ಲದು.

ಇದೇನೂ ಹೊಸ ವಿಷಯ ಅಲ್ಲ. ತೈವಾನ್‌ನಲ್ಲಿ 22,707 ಗಂಡಸರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 1981ರಲ್ಲೇ ಬಂತು. ಕ್ಯಾರಿಯರ್‌ಗಳಿಗೆ ಲಿವರ್ ಕ್ಯಾನ್ಸರ್ ಅಪಾಯ ಇತರರಿಗಿಂತ 200 ಪಟ್ಟಿಗೂ ಜಾಸ್ತಿ ಕಂಡಿತ್ತು. ತೈವಾನ್‌ನವರು 1984ರಲ್ಲಿ ಕ್ಯಾರಿಯರ್ ತಾಯಂದಿರ ಮಕ್ಕಳಿಗೆ ಲಸಿಕೆ ಶುರು ಮಾಡಿದರು. ಆಮೇಲೆ ಅಲ್ಲಿ ಮಕ್ಕಳ ಲಿವರ್ ಕ್ಯಾನ್ಸರೇ ಇಳಿಯಿತು. ನಮ್ಮಲ್ಲಿ ಈ ಲಸಿಕೆ ದೇಶದ ಎಲ್ಲ ಮಕ್ಕಳಿಗೆ ಅಂತ ಆದದ್ದು 2011ರಲ್ಲಿ. ಅದಕ್ಕೆ ಮೊದಲು ಹುಟ್ಟಿದ ನಾವು ಟೆಸ್ಟ್ ಮಾಡಿಸಿಕೊಳ್ಳಲೇಬೇಕು, ಅಲ್ವಾ?

ಪಾಸಿಟಿವ್ ಬಂದರೆ "ಕ್ಯಾರಿಯರ್ ಅಷ್ಟೇ" ಅಂತ ಎದ್ದು ಬರಬೇಡಿ. ಮಾತ್ರೆ ಬೇಕಾ, ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಬೇಕಾ ಅಂತ ಕೇಳಿ. 2018ರಲ್ಲಿ ಶುರುವಾದ ಸರ್ಕಾರಿ ಕಾರ್ಯಕ್ರಮದಲ್ಲಿ ಟೆಸ್ಟ್, ಮಾತ್ರೆ ಎರಡೂ ಉಚಿತ. ತಟ್ಟೆ ಲೋಟ ಬೇರೆ ಇಡಬೇಡಿ, ಜೊತೆಗೆ ಉಂಡರೆ ಇದು ಹರಡುವುದಿಲ್ಲ. ಹರಡುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ.

ತಾಯಿಯಿಂದ ಅಂತ ಓದಿದಾಗ ನನಗೆ ಅಜ್ಜಿ ನೆನಪಾದರು. ಅವರಿಗೆ ಇಬ್ಬರು ಮಕ್ಕಳು. ಹೋದ ತಿಂಗಳು ಅಪ್ಪನಿಗೆ ಟೆಸ್ಟ್ ಮಾಡಿಸಿದೆವು. ಪಾಸಿಟಿವ್. ಮೊದಲ ಸ್ಕ್ಯಾನ್ ಸೋಮವಾರ ಇದೆ, ನಾನೇ ಕರೆದುಕೊಂಡು ಹೋಗುತ್ತಿದ್ದೇನೆ.