ಜೀವನಾಂಶದ ಬಾಕಿ ಮತ್ತು ಅಮಾನತುಗೊಂಡ ಲೈಸೆನ್ಸ್: ಸತ್ಯಾಂಶ

ಅಮೆರಿಕದಲ್ಲಿ ಮಕ್ಕಳ ಜೀವನಾಂಶ ಕಟ್ಟದೆ ಡ್ರೈವಿಂಗ್ ಲೈಸೆನ್ಸ್ ಅಮಾನತುಗೊಂಡವರು ಇಡೀ ಬಾಕಿ ತೀರಿಸುವವರೆಗೆ ಅದನ್ನು ಮರಳಿ ಪಡೆಯಲಾರರು ಎಂಬ ಸಂದೇಶ ಆಗಾಗ ಹರಿದಾಡುತ್ತದೆ. ಇದು ಎಲ್ಲೆಡೆಗೂ ಸಲ್ಲುವ ಮಾತಲ್ಲ. ಅಮಾನತಿನ ವ್ಯವಸ್ಥೆ ಇರಬೇಕೆಂದು 1996ರ ಫೆಡರಲ್ ಕಾನೂನು ರಾಜ್ಯಗಳಿಗೆ ವಿಧಿಸಿದೆಯಾದರೂ, ಲೈಸೆನ್ಸ್ ಮರಳಿಸುವ ಷರತ್ತುಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿವೆ. ಟೆಕ್ಸಾಸ್ ಸೇರಿದಂತೆ ಅನೇಕ ಕಡೆ ಕಂತಿನ ಒಪ್ಪಂದ ಮಾಡಿಕೊಂಡು ಅದರಂತೆ ಪಾವತಿಸತೊಡಗಿದರೆ ಅಮಾನತು ತೆರವಾಗಬಹುದು. ಕಾರಿಲ್ಲದೆ ಕೆಲಸಕ್ಕೆ ಹೋಗಲಾಗದ ತಂದೆಯೋ ತಾಯಿಯೋ ಈ ಸಂದೇಶವನ್ನು ನಂಬಿ ಕೈಚೆಲ್ಲಿ ಕುಳಿತರೆ ಮಗುವಿಗೆ ಸಲ್ಲಬೇಕಾದ ಹಣವೇ ನಿಂತುಹೋಗಬಹುದು ಎಂಬುದು ನನ್ನ ನಿಜವಾದ ಕಳವಳ. ಸಂದೇಶದಲ್ಲಿ ರಾಜ್ಯದ ಹೆಸರಿದೆಯೇ ಎಂದು ಮೊದಲು ನೋಡಿ. ಬಳಿಕ ನೋಟಿಸ್ ಕಳುಹಿಸಿದ ಕಚೇರಿಯನ್ನೇ ಅದರ ಅಧಿಕೃತ ಸರ್ಕಾರಿ ಜಾಲತಾಣದ ಮೂಲಕ ವಿಚಾರಿಸಿ. ಒಪ್ಪಂದವಾದ ಮೇಲೂ ಲೈಸೆನ್ಸ್ ಕಚೇರಿಗೆ ಪ್ರತ್ಯೇಕ ಶುಲ್ಕ ಕಟ್ಟಬೇಕಾಗಬಹುದು.