ಪ್ಯಾರಾಲೀಗಲ್ ಪದವಿ ಮುಗಿಸಿದವರು ಎಲ್ಲಿಗೆ ಹೋಗುತ್ತಾರೆ?

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ನೆಲೆಸಿರುವ ನಮ್ಮವರ ನಡುವೆ, ಮಗಳೋ ಮಗನೋ ಪ್ಯಾರಾಲೀಗಲ್ (ವಕೀಲರಾಗದೆಯೇ ಕೆಲವು ಬಗೆಯ ಕಾನೂನು ಸೇವೆ ನೀಡುವವರು) ಓದಲು ಹೊರಟಾಗ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಇದು ವಕೀಲರಾಗಲು ಸಾಧ್ಯವಾಗದವರ ಓದಲ್ಲವೇ? ಈ ಅನುಮಾನ ಊರಿನಿಂದ ನಮ್ಮ ಜೊತೆಯಲ್ಲೇ ಬಂದದ್ದು. ಕರ್ನಾಟಕದಲ್ಲಿ ಕಾನೂನಿನ ಕೆಲಸಕ್ಕೆ ಇರುವುದು ಎರಡೇ ಜಾಗ. ಕರಿಕೋಟು ತೊಟ್ಟವರದು ಒಂದು, ಅವರ ಕಡತ ಹೊತ್ತವರದು ಇನ್ನೊಂದು. ಇವೆರಡರ ನಡುವೆ ಸ್ವಂತ ಹೆಸರಿನಲ್ಲಿ ನಿಲ್ಲಬಲ್ಲ ಮೂರನೆಯ ವೃತ್ತಿಯೊಂದು ಇರಬಹುದೆಂಬುದನ್ನು ಒಪ್ಪಿಕೊಳ್ಳಲು ನಮಗೆ ಸ್ವಲ್ಪ ಸಮಯ ಬೇಕಾಗುತ್ತದೆ.

ಒಂಟಾರಿಯೊದಲ್ಲಿ 2007ರ ಮೇ ತಿಂಗಳಿಂದ ಪ್ಯಾರಾಲೀಗಲ್‌ಗಳನ್ನೂ ವಕೀಲರನ್ನು ನಿಯಂತ್ರಿಸುವ ಲಾ ಸೊಸೈಟಿಯೇ ನಿಯಂತ್ರಿಸುತ್ತಿದೆ. ಮಾನ್ಯತೆ ಪಡೆದ ಕೋರ್ಸನ್ನು ಮುಗಿಸಿ, ಅದರ ಭಾಗವಾಗಿ ಕನಿಷ್ಠ 120 ಗಂಟೆಗಳ ಪ್ರಾಯೋಗಿಕ ತರಬೇತಿ ಪಡೆದು, ಲಾ ಸೊಸೈಟಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ನಡತೆಯ ಪರಿಶೀಲನೆಯನ್ನೂ ದಾಟಿದವರಿಗೆ ಪಿ1 ಎಂಬ ಸನ್ನದು ಸಿಗುತ್ತದೆ. ಸನ್ನದು ಪಡೆದವರು ತಮ್ಮದೇ ಕಚೇರಿ ತೆರೆಯಬಹುದು, ಕಕ್ಷಿದಾರರಿಂದ ನೇರವಾಗಿ ಶುಲ್ಕ ಪಡೆಯಬಹುದು, ನ್ಯಾಯಾಧೀಶರ ಮುಂದೆ ನಿಂತು ಪಾಟೀ ಸವಾಲು ಮಾಡಬಹುದು. ಇದಕ್ಕೆ ತಕ್ಕಂತೆ ವೃತ್ತಿ ವಿಮೆ ಹೊಂದಿರಬೇಕು, ವರ್ಷಕ್ಕೆ 12 ಗಂಟೆಗಳ ಮುಂದುವರಿದ ಕಲಿಕೆಯ ಲೆಕ್ಕ ಕೊಡಬೇಕು, ತಪ್ಪೆಸಗಿದರೆ ಶಿಸ್ತುಕ್ರಮ ಎದುರಿಸಬೇಕು. ಲಾ ಸೊಸೈಟಿಯ ಆಡಳಿತ ಮಂಡಳಿಗೆ ಪ್ಯಾರಾಲೀಗಲ್‌ಗಳಿಂದಲೇ ಐದು ಮಂದಿ ಆಯ್ಕೆಯಾಗುತ್ತಾರೆ ಎಂಬುದು ಚಿಕ್ಕ ಸಂಗತಿಯಂತೆ ಕಂಡರೂ ನನಗೆ ಬಹಳ ಮುಖ್ಯವಾಗಿ ತೋರುತ್ತದೆ.

ಈ ಅಧಿಕಾರಕ್ಕೆ ಸ್ಪಷ್ಟವಾದ ಗಡಿ ಇದೆ. ಸಣ್ಣ ಮೊತ್ತದ ದಾವೆಗಳನ್ನು ಕೇಳುವ ಸ್ಮಾಲ್ ಕ್ಲೇಮ್ಸ್ ನ್ಯಾಯಾಲಯ, ಮನೆ ಮಾಲೀಕರ ಮತ್ತು ಬಾಡಿಗೆದಾರರ ವ್ಯಾಜ್ಯ ಮಂಡಳಿ, ಸಂಚಾರ ನಿಯಮಗಳ ಉಲ್ಲಂಘನೆಯಂಥ ಪ್ರಾಂತೀಯ ಅಪರಾಧಗಳು, ಕೆಲವು ಸಣ್ಣ ಕ್ರಿಮಿನಲ್ ಪ್ರಕರಣಗಳು, ಹಲವು ಟ್ರಿಬ್ಯೂನಲ್‌ಗಳು ಇವರ ವ್ಯಾಪ್ತಿಗೆ ಬರುತ್ತವೆ. ಉಯಿಲು ಬರೆಯುವುದು, ಆಸ್ತಿ ವರ್ಗಾವಣೆ ಮಾಡಿಸುವುದು ಬರುವುದಿಲ್ಲ. ಪದವೀಧರರ ಬದುಕನ್ನು ನಿರ್ಧರಿಸುವುದು ಪಠ್ಯಕ್ರಮಕ್ಕಿಂತ ಹೆಚ್ಚಾಗಿ ಈ ಗಡಿಯೇ ಎಂಬುದು ನನ್ನ ಅನಿಸಿಕೆ. ಸ್ಮಾಲ್ ಕ್ಲೇಮ್ಸ್ ನ್ಯಾಯಾಲಯದಲ್ಲಿ ದಾವೆ ಮೊತ್ತದ ಮಿತಿ 2010ರಲ್ಲಿ 10,000 ಡಾಲರ್‌ನಿಂದ 25,000ಕ್ಕೆ, 2020ರಲ್ಲಿ 35,000ಕ್ಕೆ, 2025ರ ಅಕ್ಟೋಬರ್‌ನಲ್ಲಿ 50,000ಕ್ಕೆ ಏರಿತು. ಪ್ರತಿ ಏರಿಕೆಯಲ್ಲೂ ಗುತ್ತಿಗೆದಾರರ ಬಾಕಿ, ಸಣ್ಣ ವ್ಯಾಪಾರಿಗಳ ಸಾಲ ವಸೂಲಿ, ಕೆಲಸದಿಂದ ತೆಗೆದುಹಾಕಿದ್ದಕ್ಕೆ ಪರಿಹಾರ ಕೇಳುವ ದಾವೆ ಮುಂತಾದವು ಇವರ ಮೇಜಿಗೆ ಹೆಚ್ಚು ಬರುವಂತಾಯಿತು. ಯಾವ ಹೊಸ ಪದವಿಯೂ ಇಷ್ಟು ಕೆಲಸವನ್ನು ಹುಟ್ಟಿಸಲಾರದು.

ಸ್ವಂತ ಕಚೇರಿಯೆಂದರೆ ಸುಖದ ಹಾದಿ ಎಂದು ಯಾರೂ ಭಾವಿಸಬಾರದು. ಮೊದಲ ವರ್ಷಗಳಲ್ಲಿ ಕಕ್ಷಿದಾರರನ್ನು ಹುಡುಕುವುದೇ ಪೂರ್ಣಾವಧಿಯ ಕೆಲಸ. ಕಾನೂನು ಬಲ್ಲವರಿಗೆ ಲೆಕ್ಕಪತ್ರವಾಗಲಿ ಶುಲ್ಕ ವಸೂಲಿಯಾಗಲಿ ಬಾರದೆ ಕಷ್ಟಪಡುವುದುಂಟು. ಆದ್ದರಿಂದ ಅನೇಕರು ನಗರಸಭೆಗಳಲ್ಲಿ ಪ್ರಾಂತೀಯ ಅಪರಾಧಗಳ ಅಭಿಯೋಜಕರಾಗಿ, ವಿಮಾ ಕಂಪನಿಗಳಲ್ಲಿ ಅಪಘಾತ ಪರಿಹಾರದ ಕಡತಗಳನ್ನು ನೋಡುವವರಾಗಿ, ಬ್ಯಾಂಕುಗಳಲ್ಲಿ ನಿಯಮಪಾಲನೆಯ ಸಿಬ್ಬಂದಿಯಾಗಿ, ಸಮುದಾಯ ಕಾನೂನು ಕೇಂದ್ರಗಳಲ್ಲಿ ಬಡ ಬಾಡಿಗೆದಾರರ ಪರ ನಿಲ್ಲುವವರಾಗಿ ಸೇರಿಕೊಳ್ಳುತ್ತಾರೆ. ಇನ್ನು ಕೆಲವರು ಸನ್ನದಿನ ಗೊಡವೆಯೇ ಬೇಡವೆಂದು ವಕೀಲರ ಕೈಕೆಳಗೆ ಲಾ ಕ್ಲರ್ಕ್‌ಗಳಾಗುತ್ತಾರೆ. ವಿಚಿತ್ರವೆಂದರೆ, ಸ್ವಂತವಾಗಿ ಪ್ಯಾರಾಲೀಗಲ್ ಮುಟ್ಟಲಾಗದ ಆಸ್ತಿ, ಉಯಿಲಿನ ಕೆಲಸವನ್ನು ಈ ಕ್ಲರ್ಕ್ ವಕೀಲರ ಮೇಲ್ವಿಚಾರಣೆಯಲ್ಲಿ ದಿನವಿಡೀ ಮಾಡುತ್ತಿರುತ್ತಾರೆ.

ಇಲ್ಲಿನ ವ್ಯವಸ್ಥೆಯ ದೌರ್ಬಲ್ಯವೂ ಇದೆ. ಟೊರಾಂಟೊದ ಹಂಬರ್‌ನಂಥ ಶಿಕ್ಷಣ ಸಂಸ್ಥೆಯಲ್ಲಿ ನಾಲ್ಕು ವರ್ಷಗಳ ಬ್ಯಾಚುಲರ್ ಪದವಿ ಪಡೆದವರಿಗೂ, ಬೇರೆಡೆ ಎರಡು ವರ್ಷಗಳ ಡಿಪ್ಲೊಮಾ ಮುಗಿಸಿದವರಿಗೂ ಸಿಗುವುದು ಅದೇ ಪಿ1 ಸನ್ನದು. ನ್ಯಾಯಾಲಯದ ಒಳಗೆ ಹೆಚ್ಚುವರಿ ಎರಡು ವರ್ಷಗಳಿಗೆ ಯಾವ ಬೆಲೆಯೂ ಇಲ್ಲ. ಆ ಬೆಲೆ ಸಿಗುವುದು ಹೊರಗೆ, ಅಂದರೆ ಪದವಿಯನ್ನು ಕನಿಷ್ಠ ಅರ್ಹತೆಯಾಗಿ ಕೇಳುವ ಸರ್ಕಾರಿ ಇಲಾಖೆಗಳಲ್ಲಿ, ದೊಡ್ಡ ಕಂಪನಿಗಳಲ್ಲಿ, ಅಥವಾ ಮುಂದೆ ವಕೀಲಿ ಓದಲು ಅರ್ಜಿ ಹಾಕುವಾಗ. ನ್ಯಾಯಾಲಯದಲ್ಲಿ ವಾದಿಸುವುದೊಂದೇ ಗುರಿಯಾಗಿದ್ದರೆ ಡಿಪ್ಲೊಮಾ ಸಾಕೆಂದೇ ನಾನು ಹೇಳುತ್ತೇನೆ.

ಪಕ್ಕದ ಅಮೆರಿಕದಲ್ಲಿ ಪ್ಯಾರಾಲೀಗಲ್ ಎಂದರೆ ಬಹುತೇಕ ವಕೀಲರ ಮೇಲ್ವಿಚಾರಣೆಯಲ್ಲಿ ದುಡಿಯುವ ನೌಕರರು. ವಾಷಿಂಗ್ಟನ್ ರಾಜ್ಯ 2012ರಲ್ಲಿ ವಕೀಲರಲ್ಲದವರಿಗೆ ಸೀಮಿತ ಸನ್ನದು ಕೊಡುವ ಯೋಜನೆಯೊಂದನ್ನು ತಂದು, 2020ರಲ್ಲಿ ಅದನ್ನು ಮುಕ್ತಾಯಗೊಳಿಸಲು ತೀರ್ಮಾನಿಸಿತು. ಅದೇ ಹೊತ್ತಿಗೆ ಯೂಟಾ ಮತ್ತು ಅರಿಜೋನಾ ಇಂಥದೇ ಪ್ರಯೋಗಕ್ಕೆ ಕೈಹಾಕಿದವು.

ಇನ್ನು ನಮ್ಮ ಕರ್ನಾಟಕ. 1961ರ ವಕೀಲರ ಕಾಯ್ದೆಯ ಪ್ರಕಾರ ಕಾನೂನು ವೃತ್ತಿ ನಡೆಸುವ ಹಕ್ಕು ವಕೀಲರದು ಮಾತ್ರ. ಅದರ ನೆರಳಿನಲ್ಲೇ ವಕೀಲರ ಗುಮಾಸ್ತರು ಇಡೀ ನ್ಯಾಯಾಲಯವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿರುತ್ತಾರೆ. ಯಾವ ಅರ್ಜಿ ಯಾವ ಶಾಖೆಗೆ ಹೋಗಬೇಕು, ಕಚೇರಿ ಆಕ್ಷೇಪಣೆಯನ್ನು ಹೇಗೆ ಸರಿಪಡಿಸಬೇಕು, ದೃಢೀಕೃತ ನಕಲು ಯಾವಾಗ ಕೈಗೆ ಬರುತ್ತದೆ ಎಂಬುದು ಹೊಸ ವಕೀಲರಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ಆದರೆ ಮೂವತ್ತು ವರ್ಷಗಳ ಅನುಭವವೂ ಅವರನ್ನು ಮುಂದಿನ ಮೆಟ್ಟಿಲಿಗೆ ಏರಿಸುವುದಿಲ್ಲ, ಏಕೆಂದರೆ ಅಲ್ಲಿ ಮೆಟ್ಟಿಲೇ ಇಲ್ಲ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2009ರಲ್ಲಿ ರೂಪಿಸಿದ ಅರೆಕಾನೂನು ಸ್ವಯಂಸೇವಕರ ಯೋಜನೆ ಹಳ್ಳಿಹಳ್ಳಿಗೆ ಕಾನೂನು ನೆರವು ತಲುಪಿಸುವ ಉದ್ದೇಶದಿಂದ ಶ್ಲಾಘನೀಯವೇ. ಆದರೂ ಗೌರವಧನದ ಮೇಲೆ ನಡೆಯುವ ಸೇವೆ ಯಾರ ಜೀವನೋಪಾಯವೂ ಆಗಲಾರದು.

ಇದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವುದು ಬೆಂಗಳೂರಿನ ಸಂಗತಿ. ಅಮೆರಿಕ ಮತ್ತು ಬ್ರಿಟನ್ನಿನ ಕಂಪನಿಗಳಿಗಾಗಿ ಕರಾರುಗಳನ್ನು ಪರಿಶೀಲಿಸುವ, ದಾಖಲೆಗಳನ್ನು ವಿಂಗಡಿಸುವ ಹೊರಗುತ್ತಿಗೆ ಕಚೇರಿಗಳಲ್ಲಿ ಐದು ವರ್ಷ ಎಲ್‌ಎಲ್‌ಬಿ ಓದಿದ ನಮ್ಮ ಹುಡುಗ ಹುಡುಗಿಯರು ಮಾಡುತ್ತಿರುವುದು ಬಹುಪಾಲು ಪ್ಯಾರಾಲೀಗಲ್ ಕೆಲಸವನ್ನೇ. ಅಂದರೆ ಆ ಕೆಲಸ ನಮ್ಮಲ್ಲೂ ಇದೆ. ಅದಕ್ಕೆ ತಕ್ಕ ಓದಿಲ್ಲ, ಆ ಓದಿಗೆ ತಕ್ಕ ಸ್ಥಾನವಿಲ್ಲ.

ಒಂಟಾರಿಯೊದ ಮಾದರಿಯನ್ನು ಹಾಗೆಯೇ ತರಬೇಕೆಂದು ನಾನು ವಾದಿಸುತ್ತಿಲ್ಲ. ನಮ್ಮ ತಾಲ್ಲೂಕು ನ್ಯಾಯಾಲಯಗಳಲ್ಲಿ ಕಿರಿಯ ವಕೀಲರೇ ಕಷ್ಟದಲ್ಲಿರುವಾಗ ಅವರ ಆತಂಕವನ್ನು ಸ್ವಾರ್ಥವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಒಂಟಾರಿಯೊದಲ್ಲಿಯೂ, ಮಾಜಿ ಮುಖ್ಯ ನ್ಯಾಯಾಧೀಶೆ ಆನ್‌ಮೇರಿ ಬೊಂಕಾಲೊ ಅವರು ಕೆಲವು ಕೌಟುಂಬಿಕ ವಿಷಯಗಳಲ್ಲಿ ಪ್ಯಾರಾಲೀಗಲ್‌ಗಳಿಗೆ ಅವಕಾಶ ಕೊಡಬಹುದೆಂದು 2017ರಲ್ಲಿ ಪ್ರಕಟವಾದ ವರದಿಯಲ್ಲಿ ಶಿಫಾರಸು ಮಾಡಿದಾಗ ವಕೀಲರ ವಲಯದಿಂದ ತೀವ್ರ ವಿರೋಧ ಬಂದಿತ್ತು. ಆದರೆ ಗ್ರಾಹಕ ಆಯೋಗಗಳಲ್ಲಿ ವಕೀಲರಲ್ಲದ ಪ್ರತಿನಿಧಿಗಳೂ ವಾದಿಸಬಹುದೆಂದು ನಮ್ಮ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಕಾರ್ಮಿಕ ವ್ಯಾಜ್ಯಗಳಲ್ಲಿ ಸಂಘದ ಪದಾಧಿಕಾರಿಗಳು ಕಾರ್ಮಿಕರನ್ನು ಪ್ರತಿನಿಧಿಸುವುದು ಅದಕ್ಕಿಂತಲೂ ಹಳೆಯ ರೂಢಿ. ಹೀಗೆ ಈಗಾಗಲೇ ತೆರೆದಿರುವ ಬಾಗಿಲುಗಳಿಗಷ್ಟೇ ಹೊಂದುವ ಪಠ್ಯವನ್ನು ನಮ್ಮ ಕಾನೂನು ವಿಶ್ವವಿದ್ಯಾಲಯ ರೂಪಿಸಿ, ಕನ್ನಡದಲ್ಲೇ ಕಲಿಸಿ, ಪರೀಕ್ಷೆ, ವಿಮೆ, ಶಿಸ್ತುಕ್ರಮಗಳ ಕಟ್ಟುಪಾಡಿನೊಳಗೆ ಸನ್ನದು ಕೊಡುವಂತಾದರೆ ವಕೀಲರ ಪಾಲಿನ ಅನ್ನಕ್ಕೆ ಕೈಹಾಕಿದಂತಾಗದು. ಅದರ ಮೊದಲ ತಂಡದಲ್ಲಿ ಅರ್ಧದಷ್ಟು ಸೀಟುಗಳನ್ನು ಗುಮಾಸ್ತರಿಗೆ ಮೀಸಲಿಡಬೇಕು, ಅವರ ಅನುಭವಕ್ಕೆ ಕೋರ್ಸಿನ ಅವಧಿಯಲ್ಲಿ ವಿನಾಯಿತಿಯನ್ನೂ ಕೊಡಬೇಕು.